ಎರಡು ಹೊತ್ತಿನ ಹಾಲಿನ ನಡುವೆ

ಎರಡು ವರ್ಷ ಅಂದರೆ ಕಡಿಮೆಯೇ? ಹುಟ್ಟಿದ ಕರು ಬೆಳೆದು, ತಾನೇ ಒಂದು ಕರು ಹಾಕಿ, ಹಾಲಿಗೆ ನಿಲ್ಲುವಷ್ಟು ಕಾಲ. ಅಷ್ಟನ್ನೂ ಆ ಕಾಲೇಜು ಒಮ್ಮೆ ನುಂಗಿ ನೀರು ಕುಡಿದಿದೆ. ಮಗನದ್ದು ಹೋಯಿತು. ಈಗ ಮಗಳದ್ದನ್ನೂ ಕೊಡಬೇಕೇ? ಕೊಡದಿದ್ದರೆ ಅವಳಿಗೆ ಮೇವಿನ ಅಂಗಡಿಯಲ್ಲಿ ಕೂತು ಬಿಲ್ಲು ಬರೆಯುವ ಕೆಲಸ ಕಾಯುತ್ತಿದೆ. ಸೋಮವಾರದೊಳಗೆ ಹೇಳಿ ಅಂದಿದ್ದಾರೆ. ಹೂಂ ಅಂದುಬಿಡಲೇ?

ಸೆರಫಿಮ್ ಬೆಟನ್‌ಕೂರ್ ಹಸುವಿನ ಕೆಚ್ಚಲು ಒರೆಸುತ್ತ ಇದನ್ನೇ ತಿರುವಿ ಹಾಕುತ್ತಿದ್ದ. ಎದುರು ಸಾಲಿನಲ್ಲಿ ಮಗ ಡೇಲಿಯೊ ಹಾಲು ಕರೆಯುವ ಯಂತ್ರದ ಬಟ್ಟಲುಗಳನ್ನು ಮೊಲೆಗಳಿಗೆ ಸಿಕ್ಕಿಸುತ್ತಿದ್ದ. ಅಪ್ಪ ಮಗ ಇಬ್ಬರೂ ಹಸುಗಳ ವಿಷಯ ಎಷ್ಟು ಬೇಕಾದರೂ ಮಾತಾಡುತ್ತಿದ್ದರು. ಕಾಲೇಜಿನ ಮಾತು ಮಾತ್ರ ಆರು ವರ್ಷದಿಂದ ಆ ಶೆಡ್ಡಿನೊಳಗೆ ಬಂದಿರಲಿಲ್ಲ.

ಡೇಲಿಯೊಗೆ ಪಶುವೈದ್ಯನಾಗುವ ಆಸೆಯಿತ್ತು. ತುಲಾರಿ ಎಂಬ ಆ ಹೈನು ಸೀಮೆಯ ಮಕ್ಕಳು ಸಾಮಾನ್ಯವಾಗಿ ಹೋಗುವ ದಾರಿಯನ್ನೇ ಅವನೂ ಹಿಡಿದ. ಎರಡು ವರ್ಷ ಊರಿನ ಸಮುದಾಯ ಕಾಲೇಜು, ಆಮೇಲೆ ವಿಶ್ವವಿದ್ಯಾಲಯ. ಮನೆಯಲ್ಲೇ ಇದ್ದು ಓದಬಹುದು, ಶುಲ್ಕವೂ ಕಡಿಮೆ. ಅವನು ಎಲ್ಲದರಲ್ಲೂ ಪಾಸಾದ. ಆದರೆ ವಿಶ್ವವಿದ್ಯಾಲಯದವರು, "ನೀನು ಓದಿದ್ದರಲ್ಲಿ ಅರ್ಧ ನಮ್ಮ ಪಾಠಕ್ಕೆ ಹೊಂದುವುದಿಲ್ಲ, ಮತ್ತೆ ಓದು" ಅಂದರು. ಅವನು ಒಂದಷ್ಟು ತಿಂಗಳು ಅಲ್ಲಿದ್ದು, ಒಂದು ದಿನ ಮನೆಗೆ ಬಂದು ಬೂಟು ಹಾಕಿಕೊಂಡು ಸೀದಾ ಶೆಡ್ಡಿಗೆ ಇಳಿದ. ಯಾರೂ ಏನೂ ಕೇಳಲಿಲ್ಲ.

ಈಗ ತಂಗಿ ಲಿಯೊನೋರಳ ಸರದಿ. ಅವಳಿಗೂ ಅದೇ ಆಸೆ, ಅದೇ ಕಾಲೇಜು.

ಆ ಸಂಜೆ ಇದಲೀನ ಬಂದಳು. ಲಿಯೊನೋರಳ ಜ್ಞಾನಸ್ನಾನದಲ್ಲಿ ಜ್ಞಾನತಾಯಿಯಾಗಿ ಮಗುವನ್ನು ಎತ್ತಿಕೊಂಡು ನಿಂತವಳು ಅವಳೇ. ಅಂದಿನಿಂದ ಅವಳು ಈ ಮನೆಯವರಿಗೆ ಕೊಮಾದ್ರೆ, ಸೆರಫಿಮ್ ಅವಳಿಗೆ ಕೊಂಪಾದ್ರೆ. ಕಾಲೇಜಿನಲ್ಲಿ ಮಕ್ಕಳಿಗೆ ಯಾವ ಪಾಠಕ್ಕೆ ಸೇರಬೇಕೆಂದು ದಾರಿ ತೋರಿಸುವುದು ಅವಳ ಕೆಲಸ.

"ಏನು ಕೊಂಪಾದ್ರೆ, ಹರಳೆಣ್ಣೆ ಕುಡಿದವರ ಹಾಗೆ ಕೂತಿದೀರಿ?"

"ನಿಮ್ಮ ಕಾಲೇಜಿನವರು ಕುಡಿಸಿದ್ದು ಇನ್ನೂ ಇಳಿದಿಲ್ಲ, ಕೊಮಾದ್ರೆ."

"ಬಾ, ಕೂತ್ಕೊ," ಅಂದಳು ಸೆರಫಿಮನ ಹೆಂಡತಿ ಓಲಿಂಡಾ, ಸೊಪ್ಪಿನ ಸಾರು ಬಡಿಸುತ್ತ. "ಸಾರಾದ್ರೂ ಆರುತ್ತೆ, ಇವರ ಸಿಟ್ಟು ಆರಲ್ಲ."

ಇದಲೀನ ಸಿಹಿ ಬ್ರೆಡ್ಡು ಮುರಿದುಕೊಂಡಳು. "ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆಗ ಒಂದೊಂದು ಕಾಲೇಜಿಗೆ ಒಂದೊಂದು ರೀತಿ. ನಾವು ಕಲಿಸಿದ್ದೇ ಒಂದು, ಅಲ್ಲಿಯವರು ಕೇಳಿದ್ದೇ ಇನ್ನೊಂದು. ಈಗ ಎರಡೂ ಕಡೆಯ ಮೇಷ್ಟ್ರುಗಳು ಒಟ್ಟಿಗೆ ಕೂತು, ಈ ಪಾಠ ಅಂದ್ರೆ ಇಷ್ಟು ಕಲಿಸಲೇಬೇಕು ಅಂತ ಗೊತ್ತು ಮಾಡ್ತಿದಾರೆ. ಹಾಗೆ ಒಪ್ಪಿದ ಪಾಠಕ್ಕೆ ಎಲ್ಲ ಕಾಲೇಜಲ್ಲೂ ಒಂದೇ ಹೆಸರು, ಒಂದೇ ನಂಬರು. ಇಲ್ಲಿ ಪಾಸಾದ್ರೆ ಅಲ್ಲೂ ಸಲ್ಲುತ್ತೆ."

"ಹೆಸರು ಒಂದಾದ್ರೆ ಆಯ್ತಾ? ನಮ್ಮ ರಸ್ತೇಲೇ ನಾಲ್ಕು ಜನ ಮನುಯೆಲ್ ಇದಾರೆ. ಒಬ್ಬನ ಬುದ್ಧಿ ಇನ್ನೊಬ್ಬನಿಗಿಲ್ಲ."

"ಒಬ್ಬನಿಗೂ ಇಲ್ಲ ಅನ್ನಿ," ಅಂದಳು ಓಲಿಂಡಾ.

ಎಲ್ಲರೂ ನಕ್ಕರು. ಲಿಯೊನೋರ್ ಮಾತ್ರ ನಗಲಿಲ್ಲ. ಅವಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು.

"ಅಪ್ಪ, ಟ್ಯಾಂಕರ್," ಅಂದ ಡೇಲಿಯೊ.

ಊಟದ ಮೇಜಿನಲ್ಲಿ ಅವನು ಮಾತಾಡುವುದೇ ಅಪರೂಪ. ಎಲ್ಲರೂ ತಿರುಗಿದರು.

"ಟ್ಯಾಂಕರಿಗೇನಾಯ್ತು?"

"ಏನೂ ಆಗಿಲ್ಲ. ನಮ್ಮ ಹಾಲು, ಪಕ್ಕದ ಫಾರಿಯಾ ಅವರ ಹಾಲು ಒಂದೇ ಟ್ಯಾಂಕರಲ್ಲಿ ಹೋಗುತ್ತೆ. ಡೈರಿಯವರು ಇದು ಯಾವ ಶೆಡ್ಡಿನ ಹಾಲು, ಹಸು ಕರಿದಾ ಬಿಳಿದಾ ಅಂತ ಕೇಳ್ತಾರಾ? ತುಂಬಿಸೋ ಮುಂಚೆ ಎಲ್ಲರ ಹಾಲಿಗೂ ಒಂದೇ ಪರೀಕ್ಷೆ. ಕೊಬ್ಬು ಇಷ್ಟಿರಬೇಕು, ಔಷಧಿ ಅಂಶ ಇರಬಾರದು. ಪಾಸಾದ್ರೆ ಹಾಲು ಹಾಲೇ. ಇದೂ ಹಂಗೇ."

ಸೆರಫಿಮ್ ಚಮಚ ಕೆಳಗಿಟ್ಟ. ಹಾಲಿನ ಮಾತಾದರೆ ಅವನಿಗೆ ಬಿಡಿಸಿ ಹೇಳಬೇಕಿಲ್ಲ.

"ಪರೀಕ್ಷೆ ಆ ವಿಶ್ವವಿದ್ಯಾಲಯದವರದ್ದೇ ಅಲ್ವಾ? ನಾಳೆ ಬದಲಾಯಿಸಿದ್ರೆ?"

"ಇಬ್ಬರೂ ಸೇರಿ ಒಪ್ಪಿದ ಅಳತೆ ಅದು, ಒಬ್ಬರ ಮರ್ಜಿ ಅಲ್ಲ," ಅಂದಳು ಇದಲೀನ. "ಆದ್ರೆ ಒಂದು ಮಾತು, ಮುಚ್ಚುಮರೆ ಯಾಕೆ? ಎಲ್ಲ ಪಾಠವೂ ಇನ್ನೂ ಆ ಸಾಲಿಗೆ ಬಂದಿಲ್ಲ. ಅದಕ್ಕೇ ಸೇರೋ ಮುಂಚೆ ಕೇಳ್ಬೇಕು ಅನ್ನೋದು. ಯಾವ ಊರಲ್ಲಿ, ಏನು ಓದ್ಬೇಕು ಅಂತಿದೀಯ ಅಂತ ಹೇಳಿದ್ರೆ, ಅದಕ್ಕೆ ಬೇಕಾದ ಪಾಠ ನಾನು ತೋರಿಸ್ತೀನಿ. ಎಲ್ಲಿ ಮಗಳೇ, ನೀನು ಏನೇನು ಆರಿಸಿದೀಯ?"

ಲಿಯೊನೋರ್ ಫೋನು ಮುಂದೆ ಹಿಡಿದಳು. "ಎಲ್ಲಾ ಬೆಳಗಿನ ತರಗತಿನೇ. ಅಪ್ಪ ಚಿಂತೆ ಮಾಡೋದೇ ಬೇಡ. ಎರಡು ಗಂಟೆಗೆಲ್ಲ ಬಂದು ಹಾಲಿಗೆ ನಿಂತುಬಿಡ್ತೀನಿ."

ಅವಳ ದನಿಯಲ್ಲಿ ಹೆಮ್ಮೆಯಿತ್ತು. ಇದಲೀನಳ ಮುಖ ಸಣ್ಣದಾಯಿತು.

"ಈ ರಸಾಯನಶಾಸ್ತ್ರ ಸುಮ್ಮನೆ ತಿಳ್ಕೊಳ್ಳೋರಿಗೆ, ಮಗಳೇ. ಪಶುವೈದ್ಯಕೀಯದ ದಾರಿಗೆ ಪ್ರಯೋಗಾಲಯ ಇರೋದೇ ಬೇಕು. ಅದು ಮಧ್ಯಾಹ್ನ ಇದೆ. ಐದರ ತನಕ."

"ಹೂಂ. ಐದರ ತನಕ," ಅಂದ ಡೇಲಿಯೊ.

ಅಷ್ಟೇ ಅಂದ. ತಟ್ಟೆ ನೋಡುತ್ತ ಅಂದ. ಅದರಲ್ಲಿ ದೂರು ಇರಲಿಲ್ಲ. ಗೊತ್ತಿರುವ ದಾರಿಯ ತಿರುವೊಂದನ್ನು ಹೇಳಿದ ಹಾಗಿತ್ತು.

ಸೆರಫಿಮನಿಗೆ ಅಡುಗೆಮನೆಯ ಬಾಗಿಲು ಕಂಡಿತು. ಎಂಟೊಂಬತ್ತು ವರ್ಷದ ಹಿಂದೆ ಆ ಬಾಗಿಲಲ್ಲಿ ನಿಂತು ಅವನು ಮಗನಿಗೆ ಅಂದಿದ್ದ: "ಏನು ಬೇಕಾದ್ರೂ ಓದ್ಕೊ, ಮೂರಕ್ಕೆ ಶೆಡ್ಡಲ್ಲಿರ್ಬೇಕು." ಹುಡುಗ ಹೂಂ ಅಂದಿದ್ದ. ನಸುಕಿನ ಹಾಲಿಗೂ ಮಧ್ಯಾಹ್ನದ ಹಾಲಿಗೂ ನಡುವೆ ಯಾವ ತರಗತಿಗೆ ಹೊತ್ತು ಸಿಗುತ್ತದೋ ಅದನ್ನೇ ಆರಿಸಿಕೊಂಡಿದ್ದ. ಸಲ್ಲುವುದನ್ನಲ್ಲ, ಹೊತ್ತಿಗೆ ಕೂಡಿಬರುವುದನ್ನು. ಕಾಲೇಜು ನುಂಗಿತು ಅಂತ ತಾನು ಇಷ್ಟು ವರ್ಷ ಬೈದುಕೊಂಡ ಕಾಲದಲ್ಲಿ ಎಷ್ಟು ಪಾಲು ಕಾಲೇಜಿನದ್ದು? ಎಷ್ಟು ಪಾಲು ಆ ಬಾಗಿಲಿನದ್ದು?

"ಮಧ್ಯಾಹ್ನದ್ದಕ್ಕೇ ಸೇರ್ಕೊ," ಅಂದ.

"ಹಾಲು, ಅಪ್ಪ?"

"ನಿನ್ನ ಕೈಗೇ ಹಾಲು ಕೊಡ್ತೀವಿ ಅಂತ ಹಸುಗಳೇನು ಹಟ ಹಿಡಿದಿವೆಯಾ?"

"ನಾನಿಲ್ವಾ?" ಅಂದಳು ಓಲಿಂಡಾ. "ಹಾಲು ಕರೆಯೋ ಕೈ ನೋಡಿಯೇ ನಿಮ್ಮಜ್ಜಿ ನನ್ನ ಒಪ್ಪಿದ್ದು. ಮುಖ ನೋಡಿ ಒಪ್ಪಿದವರು ಬೇರೆ."

"ಆ ಮುಖ ನೋಡಿದವನಿಗೆ ಆಗ ಕನ್ನಡಕ ಇರಲಿಲ್ಲ," ಅಂದ ಸೆರಫಿಮ್. ಎದ್ದು ಮೇವಿನ ಅಂಗಡಿಗೆ ಫೋನು ಮಾಡಿ, ಮಗಳು ಬರುವುದಿಲ್ಲ, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಅಂದ.

ಹೊರಡುವಾಗ ಇದಲೀನ ಡೇಲಿಯೊನ ಭುಜ ತಟ್ಟಿದಳು. "ನೀನೂ ಒಮ್ಮೆ ಬಾರೋ. ಹಳೇದರಲ್ಲಿ ಯಾವುದಾದ್ರೂ ಈಗ ಸಲ್ಲುತ್ತೇನೋ ನೋಡೋಣ. ಖಾತ್ರಿ ಕೊಡಲ್ಲ. ಕೇಳಿದ್ರೆ ಗಂಟೇನು ಹೋಗುತ್ತೆ?"

"ನೋಡೋಣ ಅತ್ತೆ," ಅಂದ ಅವನು.

ಓದುವವರೇ, ನಿಮ್ಮ ಮನೆಯಲ್ಲೂ ಕಾಲೇಜಿಗೆ ಹೊರಟ ಮಗನೋ ಮಗಳೋ ಇರಬಹುದು. ತರಗತಿ ಯಾವ ಹೊತ್ತಿಗೆ ಅಂತ ಕೇಳುವ ಮೊದಲು, ಈ ಪಾಠ ಮುಂದೆ ಎಲ್ಲೆಲ್ಲಿ ಸಲ್ಲುತ್ತದೆ ಅಂತ ಕೇಳಿ. ಹಣ ಕಟ್ಟುವ ಮುಂಚೆಯೇ ಕಾಲೇಜಿನ ಸಲಹೆಗಾರರ ಮುಂದೆ ಹೋಗಿ ಕೂತುಕೊಳ್ಳಿ. ಎಲ್ಲ ಕಡೆ ಒಪ್ಪಿದ ಪಾಠ ಯಾವುದು ಎಂದು ಅವರಿಂದಲೇ ತಿಳಿದುಕೊಳ್ಳಿ, ಹೋಗಬೇಕೆಂದಿರುವ ವಿಶ್ವವಿದ್ಯಾಲಯದಲ್ಲೂ ಇನ್ನೊಮ್ಮೆ ವಿಚಾರಿಸಿ. ಅರ್ಧ ಓದಿ ಬಿಟ್ಟವರು ಮನೆಯಲ್ಲಿದ್ದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಮನೆಗೆಲಸಕ್ಕೆ ನಾಲ್ಕು ಕೈ ಸೇರಿದರೆ ಆಗುತ್ತದೆ. ಮಕ್ಕಳ ವರ್ಷಗಳನ್ನು ಮಾತ್ರ ಯಾರೂ ತುಂಬಿಕೊಡುವುದಿಲ್ಲ.

ತರಗತಿಗಳು ಶುರುವಾದವು. ಲಿಯೊನೋರ್ ಮಧ್ಯಾಹ್ನವೆಲ್ಲ ಪ್ರಯೋಗಾಲಯದಲ್ಲಿ. ಶೆಡ್ಡಿನಲ್ಲಿ ಓಲಿಂಡಾ ಹಸುಗಳ ಜೊತೆ ಊರಿನ ಸುದ್ದಿಯೆಲ್ಲ ಮಾತಾಡುತ್ತಿದ್ದಳು. ಒಂದು ದಿನ ಡೇಲಿಯೊ ಸ್ವಲ್ಪ ತಡವಾಗಿ ಬಂದ, ಒಗೆದ ಅಂಗಿ ಹಾಕಿಕೊಂಡು.

"ಇದಲೀನತ್ತೆಯನ್ನ ನೋಡಿಬಂದೆ."

"ಏನಂದ್ಲು?"

"ಕೆಲವು ಸಲ್ಲುತ್ತಂತೆ. ಜನವರಿಯಿಂದ ಸೇರಬಹುದು ಅಂದ್ರು. ಮಧ್ಯಾಹ್ನದ ತರಗತಿ."

"ಸೇರು," ಅಂದ ಸೆರಫಿಮ್. ಮಗನ ಕೈಯಿಂದ ಬಟ್ಟಲುಗಳನ್ನು ತೆಗೆದುಕೊಂಡು ಆ ಸಾಲಿಗೂ ತಾನೇ ಸಿಕ್ಕಿಸತೊಡಗಿದ.

ತಪ್ಪು ನಿನ್ನದಾಗಿರಲಿಲ್ಲ ಎಂದು ಅವನು ಮಗನಿಗೆ ಯಾವತ್ತೂ ಹೇಳಲಿಲ್ಲ.