ಉಪ್ಪು ಬಿಟ್ಟವಳು

ಉಪ್ಪು ತಿಂದವರು ನೀರು ಕುಡಿಯಲೇಬೇಕು, ಒಪ್ಪೋಣ. ಗಾರ್ಮೆಂಟ್ಸಿನ ಈ ಇಸ್ತ್ರಿಯವಳು ಮಾತ್ರ ಉಪ್ಪು ತಿನ್ನದೆಯೇ ನೀರು ಕುಡಿಯುತ್ತಿದ್ದಳು. ಅವಳ ತಾಯಿಯೂ ಅಕ್ಕನೂ ಕೂದಲು ನೆರೆಯುವ ಮೊದಲೇ ತಲೆಯ ನರ ಒಡೆದು ತೀರಿಹೋದವರು. ಅದೇ ಭಯಕ್ಕೆ ಉಪ್ಪು ಬಿಟ್ಟು ಎಷ್ಟೋ ವರ್ಷವಾಗಿತ್ತು. "ಈ ಊಟಕ್ಕಿಂತ ನೀನು ಇಸ್ತ್ರಿ ಮಾಡಿದ ಬಟ್ಟೆ ಅಗಿಯೋದೇ ವಾಸಿ ಕಣಮ್ಮಾ," ಎಂದು ರೇಗಿಸುತ್ತಲೇ ಮಗಳೂ ಸಪ್ಪೆ ಉಣ್ಣುತ್ತಿದ್ದಳು. ಆದರೂ ಬಿಪಿ ಇಳಿಯಲಿಲ್ಲ.

ಕೊನೆಗೆ ಡಾಕ್ಟರು ಅವಳಿಗೊಂದು ಮಿಷನ್ ಕಟ್ಟಿದರು. ತೋಳಿಗೆ ಪಟ್ಟಿ, ಸೊಂಟಕ್ಕೆ ಡಬ್ಬಿ, ನಡುವೆ ಕೊಳವೆ. ಆಗಾಗ ತಾನೇ ತೋಳು ಹಿಂಡಿ ಬಿಪಿ ಅಳೆದಿಟ್ಟುಕೊಳ್ಳುತ್ತದೆ.

"ನಾಳೆವರೆಗೂ ಬಿಚ್ಚಬೇಡಿ. ಯಾವಾಗ ಏರುತ್ತೆ ಅಂತ ಗೊತ್ತಾದ್ರೆ, ಯಾಕೆ ಅನ್ನೋದೂ ಗೊತ್ತಾಗುತ್ತೆ."

ಯಾಕೆಂದು ತಿಳಿದರೆ ತಾನಾದರೂ ಬದುಕಿಕೊಂಡೇನು ಎಂದು ಅವಳಿಗೆ ಆಸೆ ಹುಟ್ಟಿತು.

ಬೆಳಿಗ್ಗೆ ಫ್ಯಾಕ್ಟರಿ ಗೇಟಿನಲ್ಲಿ ಉಳಿದವರು ಕಾರ್ಡು ತೋರಿಸಿ ಒಳಗೆ ಹೋದರು. ಇವಳ ಕೇರಿಯ ಜನಕ್ಕೆ ಬೇರೆ ಸಾಲು. ಚೀಲ ಸುರಿಯಬೇಕು, ಕೈ ಎತ್ತಬೇಕು, ಮೈ ತಡವಿಸಿಕೊಳ್ಳಬೇಕು. ಎಂದೋ ಯಾರೋ ಬಟ್ಟೆ ಕದ್ದರಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವಳ ಸರದಿ ಬರುವಷ್ಟರಲ್ಲಿ ಎಂದಿನಂತೆ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ನಾಲಿಗೆ ಒಣಗಿತ್ತು. ಕಾವಲುಗಾರ್ತಿಯ ಕೈ ಡಬ್ಬಿಗೆ ತಗುಲಿತು.

"ಏನೇ ಇದು?"

"ಬಿಪಿ ಮಿಷನ್ನು ಮೇಡಂ. ಡಾಕ್ಟ್ರ ಚೀಟಿ ಇದೆ, ನೋಡಿ."

"ನಿಮ್ಮೋರ ಚೀಟಿ ಎಷ್ಟು ನೋಡಿಲ್ಲ ನಾನು! ಬಿಚ್ಚು."

ಅಷ್ಟರಲ್ಲಿ ಪಟ್ಟಿ ಗುರ್ರೆಂದು ತೋಳು ಹಿಂಡತೊಡಗಿತು. ಹೌಹಾರಿದ ಕಾವಲುಗಾರ್ತಿ ಎಲ್ಲರೆದುರು ರವಿಕೆಯ ತೋಳು ಸರಿಸಿ ಅದನ್ನು ಕಿತ್ತೇಬಿಟ್ಟಳು. ಒಳಗೆ ಹೋದ ಮೇಲೆ ಜೊತೆಗಾತಿಯೊಬ್ಬಳು ಮತ್ತೆ ಕಟ್ಟಿಕೊಟ್ಟಳು.

ಅಂದು ಸಂಜೆ ಡಾಕ್ಟರು ಕಂಪ್ಯೂಟರಿನಲ್ಲಿ ಗೆರೆ ನೋಡಿದರು. "ರಾತ್ರಿಯೆಲ್ಲ ಪರವಾಗಿಲ್ಲ. ಬೆಳಿಗ್ಗೆ ಏರ್ತಾ ಏರ್ತಾ ಹೋಗಿ... ಇಲ್ಲಿ ಖಾಲಿ. ಬಿಚ್ಚಿದ್ರಾ?"

"ನಾನಲ್ಲ ಸಾರ್, ಗೇಟಲ್ಲಿ..."

"ಬೇಕಾಗಿದ್ದೇ ಆ ಹೊತ್ತಿಂದು. ನಿಮ್ಮ ಜನಕ್ಕೆ ಹೇಳಿದ್ದು ಕೇಳೋ ಅಭ್ಯಾಸವೇ ಇಲ್ಲ. ಇದು ನಿಮ್ಮೋರ ರಕ್ತದಲ್ಲೇ ಇದೆ. ಮಗಳಿದ್ರೆ ಅವಳಿಗೂ ಈಗ್ಲೇ ಉಪ್ಪು ಬಿಡಿಸಿ."

ಅವಳು ಚೀಟಿ ಎತ್ತಿಕೊಂಡು ಹೊರಟಳು.

ಮನೆಯಲ್ಲಿ ಮಗಳು ಸಪ್ಪೆ ಅನ್ನ ಬಡಿಸಿ ಕಾಯುತ್ತಿದ್ದಳು. ಅದೇ ಫ್ಯಾಕ್ಟರಿಯಲ್ಲಿ ಅವಳಿಗೆ ಹೊಲಿಗೆ ಕೆಲಸ ಸಿಕ್ಕಿತ್ತು; ನಾಳೆಯೇ ಸೇರಬೇಕು. ತಾಯಿ ಮೇಲಿನ ಹಲಗೆಯಿಂದ ಉಪ್ಪಿನ ಡಬ್ಬಿ ಇಳಿಸಿ ಮಗಳ ತಟ್ಟೆಗೆ ಉದುರಿಸಿದಳು.

"ಅಮ್ಮಾ! ಡಾಕ್ಟ್ರು ಏನಂದ್ರು?"

"ತಿನ್ನು ಮಗಳೇ. ನಾಳೆಯಿಂದ ನೀನೂ ಆ ಗೇಟಿನ ಸಾಲಲ್ಲೇ ನಿಲ್ಲೋಳು. ಬಾಯಿ ರುಚಿಯಾದ್ರೂ ಉಳೀಲಿ."