ಗೋಸುಂಬೆಯ ವಾಸದ ವ್ಯವಸ್ಥೆ

"ಅದರ ಎರಡ ಕಣ್ಣಿನ ನಡುವ ಎಷ್ಟ ಅಂತರ ಐತಿ, ಅದಕ್ಕಿಂತ ದೊಡ್ಡ ಹುಳ ಹಾಕಬಾರದು," ಎಂದ ಸಿದ್ಧಲಿಂಗೇಶ.

ಯಾರೂ ಕೇಳಿಸಿಕೊಳ್ಳಲಿಲ್ಲ. ಜಯದೇವಿ ಬಾಲ್ಕನಿಯಲ್ಲಿ ಫೋನಿನಲ್ಲಿದ್ದಳು. ಸೌಜನ್ಯಾ ಕಾರ್ಪೆಟ್ಟಿನ ಮೇಲೆ ಬೋರಲು ಮಲಗಿ ಪೆಟ್ಟಿಗೆಯೊಳಗೆ ಇಣುಕುತ್ತಿದ್ದಳು. ಪೆಟ್ಟಿಗೆಯಲ್ಲಿ ಮೂರು ತಿಂಗಳ ಗೋಸುಂಬೆ ಮರಿ ಒಂದು ಕಡ್ಡಿಯನ್ನು ಬಿಗಿಯಾಗಿ ಹಿಡಿದುಕೊಂಡು, ಒಂದು ಕಣ್ಣಿನಿಂದ ಅವಳನ್ನೂ ಇನ್ನೊಂದು ಕಣ್ಣಿನಿಂದ ಅವನನ್ನೂ ನೋಡುತ್ತಿತ್ತು. ಇಬ್ಬರ ಬಗ್ಗೆಯೂ ಅದಕ್ಕೆ ಒಳ್ಳೆಯ ಅಭಿಪ್ರಾಯವಿದ್ದಂತೆ ಕಾಣಲಿಲ್ಲ.

"ಇಸ್ ಹಿ ಮ್ಯಾಡ್?"

"ಸಿಟ್ಟಲ್ಲವಾ, ಹೆದರೈತಿ. ಮುಟ್ಟಬ್ಯಾಡ."

"ಐ ನೋ, ಅಪ್ಪಾ."

ಬುಧವಾರ ಅವಳಿಗೆ ಹನ್ನೆರಡು ತುಂಬಿತ್ತು. ಬುಧವಾರ ಅವನು ಚಾಟ್ಸ್‌ವರ್ತಿನ ಮನೆಯಲ್ಲಿದ್ದ, ಅವಳು ಇಲ್ಲಿ ಸ್ಯಾನ್ ಡಿಯಾಗೋದಲ್ಲಿದ್ದಳು. ಆರು ತಿಂಗಳ ಹಿಂದೆ ಜಯದೇವಿಗೆ ಇಲ್ಲಿಯ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಅವಳ ಧಾರವಾಡದ ಎಂ.ಎಸ್ಸಿ. ಪದವಿ ಹದಿಮೂರು ವರ್ಷ ಅಡುಗೆಮನೆಯಲ್ಲಿದ್ದು ಒಮ್ಮೆಲೇ ಹೊರಬಿದ್ದಿತ್ತು. ವಿಮಾನದ ವಾಲ್ವುಗಳಲ್ಲಿ ದೋಷ ಹುಡುಕುವ ಅವನ ಕೆಲಸ ಚಾಟ್ಸ್‌ವರ್ತಿನಲ್ಲಿತ್ತು. ನಡುವೆ ಎರಡೂವರೆ ತಾಸಿನ ದಾರಿ. ಫ್ರೀವೇ ಮನಸ್ಸು ಮಾಡಿದರೆ ನಾಲ್ಕು ತಾಸು. ಹಾಗಾಗಿ ತಾಯಿ ಮಗಳಿಗೆ ಇಲ್ಲೊಂದು ಅಪಾರ್ಟ್‌ಮೆಂಟ್, ಆರು ತಿಂಗಳ ಮಟ್ಟಿಗೆ. ಆರ್ಟೀಸಿಯಾದ ಇಂಡಿಯನ್ ಅಂಗಡಿಯಲ್ಲಿ ಸಿಕ್ಕು "ಮನಿಯವರು ಕಾಣೂದಿಲ್ಲಲ್ಲ?" ಎಂದ ಪರಿಚಯದ ಇಂದುಧರನಿಗೂ ಅವನು ಹಾಗೇ ಹೇಳಿದ್ದ: ಆರು ತಿಂಗಳ ಮಟ್ಟಿಗೆ.

ಬಾಡಿಗೆಯ ಆರು ತಿಂಗಳು ಈ ತಿಂಗಳ ಮೂವತ್ತಕ್ಕೆ ಮುಗಿಯುತ್ತಿತ್ತು. "ಶನಿವಾರ ಬರ್ತೀರಲ್ಲ, ಮಾತಾಡೂಣು," ಎಂದಿದ್ದಳು ಜಯದೇವಿ. ಆ ಶನಿವಾರಕ್ಕೇ ಅವನು ಗೋಸುಂಬೆ ತಂದಿದ್ದ.

ಸೌಜನ್ಯಾ ಕೇಳಿದ್ದು ನಾಯಿಯನ್ನು. ನಾಯಿಯನ್ನು ಯಾರು ಬೇಕಾದರೂ ಸಾಕಬಹುದು. ಗೋಸುಂಬೆ ಹೊಸಬರಿಗೆ ತಕ್ಕ ಪ್ರಾಣಿಯಲ್ಲ ಎಂದು ಇಂಟರ್‌ನೆಟ್ಟಿನಲ್ಲಿ ಓದಿದಾಗ ಅವನಿಗೆ ಎಷ್ಟೋ ದಿನಗಳ ಮೇಲೆ ಸಂತೋಷವಾಗಿತ್ತು. ಮರಿಗೆ ದಿನಕ್ಕೆ ಎರಡು ಸಲ ಜೀವಂತ ಹುಳ ಬೇಕು. ಜಯದೇವಿ ಮೊಟ್ಟೆಯನ್ನೂ ಒಳಗೆ ತರದ ಮನೆಯಿಂದ ಬಂದವಳು. ಜಿರಲೆಯನ್ನು ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಟ್ಟು ಬರುವವಳು. ಸೌಜನ್ಯಾ ಇರುವೆ ಕಂಡರೆ ಕುರ್ಚಿ ಹತ್ತುತ್ತಾಳೆ. ಅಂದಮೇಲೆ ಹುಳ ಹಾಕುವವನು ಅವನೇ. ಅವನಿರುವುದು ಚಾಟ್ಸ್‌ವರ್ತಿನಲ್ಲಿ, ಆದ್ದರಿಂದ ಗೋಸುಂಬೆಯೂ ಅಲ್ಲೇ ಇರಬೇಕು. ಗೋಸುಂಬೆಯ ಜೊತೆ ಸೌಜನ್ಯಾ, ಸೌಜನ್ಯಾಳ ಜೊತೆ ಜಯದೇವಿ.

ಇದನ್ನು ಅವನು ಎಲ್ಲೂ ಬರೆದಿಟ್ಟಿರಲಿಲ್ಲ. ಆದರೆ ಒಂದೊಂದು ಹಂತವನ್ನೂ ಪರೀಕ್ಷೆ ಮಾಡಿದ್ದ.

ಬರೆದಿಟ್ಟದ್ದು ಬೇರೆ: ಗೋಸುಂಬೆ ಸಾಕುವ ಹದಿನಾಲ್ಕು ಪುಟದ ಕ್ರಮಪಟ್ಟಿ, ಮೂರನೇ ಪರಿಷ್ಕರಣೆ. ಜಾಲರಿ ಗೂಡನ್ನು ಚಾಟ್ಸ್‌ವರ್ತಿನ ಖಾಲಿ ಬೆಡ್‌ರೂಮಿನಲ್ಲಿಟ್ಟು ಹನ್ನೊಂದು ದಿನ ಬರಿದೇ ನಡೆಸಿ ನೋಡಿದ್ದ. ಬೆಳಿಗ್ಗೆ ಏಳಕ್ಕೆ ದೀಪ ಹತ್ತುತ್ತಿತ್ತು, ಸಂಜೆ ಏಳಕ್ಕೆ ಆರುತ್ತಿತ್ತು. ಎಲೆಗಳ ಮೇಲೆ ನೀರು ಹನಿಯುತ್ತಿತ್ತು. ಒಳಗೆ ಯಾರೂ ಇರಲಿಲ್ಲ. ಕೆಲಸದಿಂದ ಬಂದವನು ಬಾಗಿಲಲ್ಲಿ ನಿಂತು ತಾಪಮಾನ ಬರೆದುಕೊಳ್ಳುತ್ತಿದ್ದ. ಇಡೀ ಮನೆಯಲ್ಲಿ ಎಲ್ಲವೂ ಸರಿಯಾಗಿದ್ದ ಜಾಗ ಅದೊಂದೇ.

ಈಗ ಅದನ್ನೇ ಬಿಚ್ಚಿ ತಂದು ಇಲ್ಲಿ ಜೋಡಿಸುತ್ತಿದ್ದ. ಇಲ್ಲಿ ಜೋಡಿಸುವುದು ತೋರಿಕೆಗೆ. ತಮ್ಮ ಕೈಲಿ ಆಗದು ಎಂದು ಅವರಿಗೇ ಗೊತ್ತಾಗಬೇಕು.

"ಕೆಳಗ ಬ್ಯಾಡ. ಪುಸ್ತಕದ ಕಪಾಟಿನ ಮ್ಯಾಲಿಡೂಣು," ಎಂದ. "ನಮ್ಮ ತಲಿಗಿಂತ ಎತ್ತರದಾಗ ಇರಬೇಕದು. ಕೆಳಗಿದ್ರ, ಬಂದವರೆಲ್ಲಾ ತನ್ನ ತಿನ್ನಾಕ ಬಂದಾರ ಅನಕೋತೈತಿ."

"ಅಂಡ್ ನೋ ಗ್ಲಾಸ್?"

"ಗಾಜಿನಾಗ ತನ್ನ ಮಾರಿ ತಾನ ನೋಡಿ, ಮತ್ತೊಂದು ಬಂದೈತಿ ಅಂತ ಜಗಳಕ್ಕ ನಿಲ್ಲತೈತಿ. ಉಣ್ಣೂದ ಬಿಡತೈತಿ."

"ದ್ಯಾಟ್ಸ್ ಸೋ ಡಂಬ್," ಎಂದಳು ಸೌಜನ್ಯಾ. ದನಿಯಲ್ಲಿ ಪ್ರೀತಿಯಿತ್ತು. ಅದು ಯಾರ ಮೇಲಿನದು ಎಂಬುದರಲ್ಲಿ ಅನುಮಾನವಿರಲಿಲ್ಲ.

ಗೂಡಿನೊಳಗೆ ಕುಂಡದ ಗಿಡ ಇಟ್ಟ. ಅದರ ಎಲೆಗಳನ್ನು ನಿನ್ನೆ ಒಂದೊಂದಾಗಿ ತೊಳೆದಿದ್ದ. ಮಣ್ಣು ತಿನ್ನದಂತೆ ಮೇಲೆ ಬೆಣಚುಕಲ್ಲು ಹರಡಿದ್ದ. ಅಡ್ಡಕ್ಕೆ ನಾಲ್ಕು ಕಡ್ಡಿ ಕಟ್ಟಿದ. ಮೇಲೊಂದು ಬಿಸಿಲಿನ ಬದಲಿಗೆ ಉರಿಯುವ ಟ್ಯೂಬು, ಮೂಲೆಯಲ್ಲಿ ಮೈ ಕಾಯಿಸಿಕೊಳ್ಳಲು ಬಲ್ಬು. ನೀರಿನ ಬಾಟಲಿಯನ್ನು ತೂಗುಹಾಕಿ ಹನಿಯನ್ನು ಎಣಿಸಿದ. ನಿಂತ ನೀರು ಗೋಸುಂಬೆಗೆ ನೀರು ಅನಿಸುವುದಿಲ್ಲ. ಬಟ್ಟಲು ತುಂಬ ಇಟ್ಟರೂ ಅದರ ಪಕ್ಕದಲ್ಲೇ ಬಾಯಾರಿ ಸಾಯುತ್ತದೆ. ಎಲೆಯ ಮೇಲೆ ಹನಿ ಅಲುಗಾಡಬೇಕು.

ಕೊನೆಗೆ ದೀಪಗಳಿಗೆ ಟೈಮರ್ ಹಾಕಿದ. ಹಾಕುವಾಗಲೇ ಅವನಿಗೆ ತಾನು ಮಾಡುತ್ತಿರುವುದು ತಪ್ಪು ಎಂದು ಹೊಳೆಯಿತು. ಟೈಮರ್ ಇಲ್ಲದಿದ್ದರೆ ಒಬ್ಬ ಮನುಷ್ಯ ಬೇಕಾಗುತ್ತಿತ್ತು. ಆದರೆ ಅರೆಬರೆ ಕೆಲಸವನ್ನು ಅವನು ಹದಿನೇಳು ವರ್ಷದಲ್ಲಿ ಒಮ್ಮೆಯೂ ಪಾಸು ಮಾಡಿರಲಿಲ್ಲ. ಹತ್ತುವ ಹೊತ್ತು, ಆರುವ ಹೊತ್ತು ಸರಿಮಾಡಿ, ಎರಡು ಸಲ ಪರೀಕ್ಷಿಸಿದ. ಆಮೇಲೆ ಮರಿಯನ್ನು ಅದು ಹಿಡಿದಿದ್ದ ಕಡ್ಡಿಯ ಸಮೇತ ಗೂಡಿನೊಳಗೆ ಬಿಟ್ಟ.

ಜಯದೇವಿ ಒಳಗೆ ಬಂದಳು. ಕೂದಲು ಕತ್ತರಿಸಿಕೊಂಡಿದ್ದಳು. ಬಂದಾಗಲೇ ನೋಡಿದ್ದ, ಹೇಳುವ ಹೊತ್ತು ಮೀರಿಹೋಗಿತ್ತು.

"ಬಣ್ಣಾ ಬದಲಸ್ತೈತೇನ್ರೀ ಇದು?"

"ಮಂದಿ ತಿಳಕೊಂಡಂಗ ಅಲ್ಲ. ಸುತ್ತಮುತ್ತ ನೋಡಿ ಬದಲಸೂದಿಲ್ಲ. ಥಂಡಿ ಆದ್ರ, ಹೆದರಿದ್ರ, ಸಿಟ್ಟ ಬಂದ್ರ."

"ಹಂಗಾರ ನಿಮ್ಮಂಗ ಬಿಡ್ರಿ. ಸಿಟ್ಟ ಬಂದ್ರ ಮಾರಿ ಕಪ್ಪಾಗೂದು."

ಸೌಜನ್ಯಾ ನಕ್ಕಳು. ಕನ್ನಡ ಅವಳಿಗೆ ಇಂಥ ಕಡೆ ಚೆನ್ನಾಗಿ ಅರ್ಥವಾಗುತ್ತಿತ್ತು.

"ಈ ಮೂವತ್ತಕ್ಕ..." ಎಂದು ಅವನು ಶುರು ಮಾಡಿದ.

"ಉಂಡ ಮ್ಯಾಲೆ ಮಾತಾಡೂಣಲ್ಲ."

ಊಟದ ಮೇಜಿಗೆ ಎರಡು ಕುರ್ಚಿಗಳಿದ್ದವು. ಅವನು ಗೂಡು ಕಟ್ಟಲು ಹತ್ತಿದ್ದ ಸ್ಟೂಲನ್ನೇ ಎಳೆದುಕೊಂಡು ಕುಳಿತ. ಜೋಳದ ರೊಟ್ಟಿ ಮೆತ್ತಗಿದ್ದವು. ಚಾಟ್ಸ್‌ವರ್ತಿನಲ್ಲಿ ಹಿಟ್ಟು ಹಳೆಯದು, ರೊಟ್ಟಿ ಹರಿಯುತ್ತದೆ ಎನ್ನುತ್ತಿದ್ದಳು.

"ಹಿಟ್ಟ ಎಲ್ಲಿಂದ?"

"ಇಲ್ಲೇ ಸಿಗತೈತ್ರಿ."

ಉಂಡು ಕೈ ತೊಳೆದ ಮೇಲೆ ಅವನು ಹುಳಗಳ ಡಬ್ಬಿ ತಂದು ಮೇಜಿನ ನಡುವೆ ಇಟ್ಟ. ಮಿಡತೆಯಂಥ ಸಣ್ಣ ಕ್ರಿಕೆಟ್ ಹುಳಗಳು, ಐವತ್ತು. ಮೊಟ್ಟೆ ಇಡುವ ರಟ್ಟಿನ ತುಂಡಿಗೆ ಅಂಟಿಕೊಂಡಿದ್ದವು. ಎರಡು ದಿನದಿಂದ ಅವಕ್ಕೆ ಗಜ್ಜರಿ, ಸೊಪ್ಪು ತಿನ್ನಿಸಿದ್ದ. ಮುಚ್ಚಳವನ್ನು ಬೇಕೆಂದೇ ನಿಧಾನವಾಗಿ ತೆಗೆದ.

"ಇದನ್ನ ದಿನಾ ಎರಡ ಸಲ ಮಾಡಬೇಕು," ಎಂದ. "ಹತ್ತ ಹುಳ ತಗೊಂಡು ಪ್ಲಾಸ್ಟಿಕ್ ಚೀಲದಾಗ ಹಾಕಬೇಕು. ಒಂದ ಚಿಟಿಕಿ ಕ್ಯಾಲ್ಸಿಯಂ ಪುಡಿ. ಅಳ್ಳಾಡಸಬೇಕು, ಮೈತುಂಬ ಹತ್ತೂವಂಗ. ಜೀವಂತ ಇರಬೇಕು. ಸತ್ತದ್ದನ್ನ ಅದು ಮೂಸಿನೂ ನೋಡೂದಿಲ್ಲ."

"ಇವ್! ನೋ ವೇ!" ಸೌಜನ್ಯಾ ಸೋಫಾ ಹತ್ತಿ ಕಾಲು ಮೇಲಕ್ಕೆಳೆದುಕೊಂಡಳು.

ಇಲ್ಲಿಯವರೆಗೆ ಎಲ್ಲವೂ ಕ್ರಮವಾಗಿ ನಡೆದಿತ್ತು. ಅವನು ಜಯದೇವಿಯನ್ನು ನೋಡಿದ.

ಅವಳು ಕೈ ಒರೆಸಿಕೊಂಡು ಬಂದು, ರಟ್ಟಿನ ತುಂಡನ್ನು ಎತ್ತಿ, ಚೀಲದ ಬಾಯಿಗೆ ಹಿಡಿದು ಬೆರಳಿನಿಂದ ಎರಡು ಸಲ ತಟ್ಟಿದಳು. ಒಳಗೆ ಬಿದ್ದವನ್ನು ಎಣಿಸಿದಳು. ಹನ್ನೊಂದಿದ್ದವು. ಒಂದನ್ನು ಎರಡು ಬೆರಳಲ್ಲಿ ಹಿಡಿದು ಡಬ್ಬಿಗೆ ಹಾಕಿದಳು.

"ಹತ್ತ ಅಂದ್ರಲ್ಲ?"

ಅವನು ಡಬ್ಬಿಯ ಮುಚ್ಚಳ ಹಾಕಿದ. "ನಿನಗ ಹೇಸಿಗಿ ಬರೂದಿಲ್ಲೇನು?"

"ಲ್ಯಾಬಿನ್ಯಾಗ ನಾ ಏನ ಮಾಡ್ತೀನಿ ಅನಕೊಂಡೀರಿ?"

ಅವನು ಗಾಜಿನ ಕೊಳವೆಗಳನ್ನು ಅಂದುಕೊಂಡಿದ್ದ. ಇಂದುಧರನಿಗೆ ರಿಸರ್ಚ್ ಎಂದಿದ್ದ.

"ಇಲಿ," ಎಂದಳು. "ದಿನಾ ನಲವತ್ತ. ಬಾಲಾ ಹಿಡದ ಸೂಜಿ ಚುಚ್ಚೂದು, ತೂಕಾ ಬರಿಯೂದು. ಶುಕ್ರವಾರ..." ಶುಕ್ರವಾರ ಏನು ಎಂದು ಹೇಳದೆ ಸೋಫಾದ ಮೇಲಿದ್ದ ಮಗಳ ಕಡೆ ನೋಡಿದಳು. ಅವನಿಗೆ ತಿಳಿಯಿತು.

"ನನಗ ಹೇಳಿಲ್ಲ."

"ಆರ ತಿಂಗಳ ಆತ್ರೀ," ಎಂದಳು. ಅದು ಉತ್ತರವೋ ಲೆಕ್ಕವೋ ಗೊತ್ತಾಗಲಿಲ್ಲ.

ಕ್ಯಾಲ್ಸಿಯಂ ಪುಡಿ ಹಾಕಿದಳು. ಆಮೇಲೆ ಫ್ರಿಜ್ಜಿನ ಪಕ್ಕದ ಸಣ್ಣ ದೇವರ ಮಾಡಕ್ಕೆ ಹೋಗಿ, ವಿಭೂತಿ ಗಟ್ಟಿಯ ಮೇಲೆ ಬೆರಳು ತಿಕ್ಕಿಕೊಂಡು ಬಂದು ಅದನ್ನೂ ಚೀಲದೊಳಗೆ ಕೊಡವಿದಳು.

"ಏನದು?"

"ವಿಭೂತಿ."

"ಕ್ಯಾಲ್ಸಿಯಂ ಹಾಕಿದೀಯಲ್ಲ."

"ಇದು ಅದಕ್ಕಲ್ರೀ. ಹೋಗೂ ಜೀವಕ್ಕ ಹಚ್ಚಬೇಕಲ್ಲ." ಚೀಲವನ್ನು ಮೆಲ್ಲಗೆ ಅಲುಗಿಸಿದಳು. "ಇಲಿಗೂ ಹಚ್ತೀನಿ. ಮೊದಲನೇ ವಾರ ಭಾಳ ಅತ್ತಿನಿ. ಆಮ್ಯಾಲ ಒಂದ ತುಂಡ ಕೋಟಿನ ಕಿಸೇದಾಗ ಇಟಗೊಂಡ ಹೋದೆ. ಯಾರಿಗೂ ತಿಳಿಯೂದಿಲ್ಲ. ಇಲಿ ಬೆಳ್ಳಗ ಇರ್ತಾವು."

ಹದಿನಾಲ್ಕು ಪುಟದಲ್ಲಿ ಇದಕ್ಕೆ ಯಾವ ನಿಯಮವೂ ಇರಲಿಲ್ಲ. ಸಗಣಿಯ ಬೂದಿಯಿಂದ ಗೋಸುಂಬೆಗೆ ಅಪಾಯವಿದೆಯೇ ಎಂದು ಅವನು ಯೋಚಿಸಿದ. ಅದನ್ನೇ ಯೋಚಿಸುವುದು ಅನುಕೂಲವಾಗಿತ್ತು. ಆರು ತಿಂಗಳ ಫೋನಿನಲ್ಲಿ ಅವರು ಕಾರಿನ ಆಯಿಲ್, ನಳದ ಸೋರಿಕೆ, ಸೌಜನ್ಯಾಳ ಹಲ್ಲಿನ ತಂತಿ ಎಲ್ಲದರ ಬಗ್ಗೆ ಮಾತಾಡಿದ್ದರು.

ಜಯದೇವಿ ಸ್ಟೂಲು ಹತ್ತಿ ಗೂಡಿನ ಬಾಗಿಲು ತೆರೆದು ಒಂದು ಹುಳವನ್ನು ಎಲೆಯ ಮೇಲೆ ಬಿಟ್ಟಳು. ಬೆಳ್ಳಗಾದ ಹುಳ ಎಲ್ಲಿಗೋ ಹೊರಟಂತೆ ನಾಲ್ಕು ಹೆಜ್ಜೆ ನಡೆಯಿತು. ಗೋಸುಂಬೆಯ ಎರಡು ಕಣ್ಣೂ ಮೊದಲ ಸಲ ಒಂದೇ ಕಡೆ ತಿರುಗಿದವು. ನಾಲಗೆ ಹೋಗಿ ಬಂದದ್ದು ಕಾಣಲಿಲ್ಲ. ಎಲೆ ಮಾತ್ರ ಅಲುಗುತ್ತಿತ್ತು.

"ವೋ!" ಸೌಜನ್ಯಾ ಸೋಫಾದಿಂದ ಹಾರಿ ಬಂದಳು. "ಅಮ್ಮಾ, ಡಿಡ್ ಯು ಸೀ ದ್ಯಾಟ್? ಲೆಟ್ ಮಿ ಡೂ ದ ನೆಕ್ಸ್ಟ್ ಒನ್!"

"ಕೈಗೆ ವಿಭೂತಿ ಹಚಗೋ ಮೊದಲ."

ಹಚ್ಚಿಕೊಂಡಳು. ಕಣ್ಣು ಮುಚ್ಚಿ, ಕಿರುಚಿ, ಒಂದನ್ನು ಬಿಟ್ಟಳು. ಮುಂದಿನದಕ್ಕೆ ಕಿರುಚಲಿಲ್ಲ. ಮೂರನೆಯದಕ್ಕೆ ಕಣ್ಣು ತೆರೆದೇ ಇದ್ದಳು. ಗೋಸುಂಬೆಯನ್ನು ಕಾರಿನಲ್ಲಿ ಚಾಟ್ಸ್‌ವರ್ತಿಗೆ ಒಯ್ಯಲು ಈಗ ಯಾವ ಕಾರಣವೂ ಉಳಿದಿರಲಿಲ್ಲ.

ಅವನು ಉಪಕರಣಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬತೊಡಗಿದ.

"ಒಂದ ಫಾರ್ಮ್ ಐತ್ರಿ," ಎಂದು ಜಯದೇವಿ ಕಾಗದ ತಂದಳು. "ಈಗ ಅಪಾರ್ಟ್‌ಮೆಂಟಿನ ಆಫೀಸಿಗೆ ಫೋನ್ ಮಾಡಿದ್ದೆ. ಪ್ರಾಣಿ ಇದ್ರ ಬರದ ಕೊಡಬೇಕಂತ. ಮತ್ತ ಪ್ರಾಣಿ ಇದ್ದವರಿಗೆ ಮನಿ ತಿಂಗಳಾ ತಿಂಗಳಾ ಬಾಡಿಗಿಗೆ ಕೊಡೂದಿಲ್ಲಂತ. ಒಂದ ವರ್ಷದ ಲೀಸ್ ಮಾಡಬೇಕಂತ."

"ತಿಂಗಳಾ ತಿಂಗಳಾ ತಗೋಬೇಕಂತ ಮಾಡಿದ್ದೇನು?"

"ಹೌದ್ರಿ. ನೋಡೂಣು ಅಂತ."

"ಮತ್ತ ಈಗ?"

"ಈಗೇನ್ರಿ. ನೀವ ತಂದೀರಿ." ಬಾಲ್ಪೆನ್ನನ್ನು ಅವನ ಮುಂದಿಟ್ಟಳು. "ನಿಮ್ಮ ಅಕ್ಷರ ಚೊಲೋ ಅದಾವು. ಅದರ ಜಾತಿ, ಉದ್ದ, ಎಲ್ಲಾ ನಿಮಗ ಗೊತ್ತಲ್ಲ."

ಎಲ್ಲಾ ಗೊತ್ತಿತ್ತು. ಬರೆದ. ವಯಸ್ಸು, ಮೂರು ತಿಂಗಳು. ಬೆಳೆದ ಮೇಲೆ ಉದ್ದ, ಹದಿನೆಂಟು ಅಂಗುಲ. ಕಚ್ಚುತ್ತದೆಯೇ: ವಿರಳವಾಗಿ. ಸದ್ದು ಮಾಡುತ್ತದೆಯೇ: ಇಲ್ಲ. ಹೆಸರಿನ ಜಾಗಕ್ಕೆ ಬಂದು ತಲೆಯೆತ್ತಿದ.

"ಅಂಕಲ್," ಎಂದಳು ಸೌಜನ್ಯಾ ಗೂಡಿನ ಕಡೆಯಿಂದ.

"ಏನು?"

"ಹಿಸ್ ನೇಮ್. ಅಂಕಲ್. ಬಿಕಾಸ್ ಹಿ ಜಸ್ಟ್ ಸಿಟ್ಸ್ ದೇರ್ ಅಂಡ್ ಲುಕ್ಸ್ ಅಟ್ ಎವ್ರಿಬಡಿ."

ಜಯದೇವಿ ಸೆರಗಿಲ್ಲದ್ದಕ್ಕೆ ಬರಿಗೈಯನ್ನೇ ಬಾಯಿಗಿಟ್ಟುಕೊಂಡು ನಕ್ಕಳು. ಅವನು ಒಂದೊಂದು ಚೌಕಕ್ಕೆ ಒಂದೊಂದು ಅಕ್ಷರದಂತೆ ಅಂಕಲ್ ಎಂದು ಬರೆದ. ಮೇಲೆ ಮನೆಯಲ್ಲಿ ವಾಸಿಸುವವರ ಪಟ್ಟಿ ಮೊದಲೇ ಟೈಪಾಗಿತ್ತು: ಒಂದು, ಜಯದೇವಿ, ಎರಡು, ಸೌಜನ್ಯಾ. ಮೂರನೇ ಸಾಲು ಖಾಲಿಯಿತ್ತು. ಕೆಳಗೆ, ಬಾಡಿಗೆದಾರರು ಸಿಗದಿದ್ದಾಗ ಪ್ರಾಣಿಯ ಹೊಣೆ ಹೊರುವವರು ಯಾರು ಎಂದಿತ್ತು. ಅಲ್ಲಿ ತನ್ನ ಹೆಸರು, ಫೋನ್ ನಂಬರು ಬರೆದ. ಪ್ರಾಣಿಗೂ ತಮಗೂ ಸಂಬಂಧ ಎಂಬಲ್ಲಿ ಸ್ವಲ್ಪ ತಡೆದು, ಒಂದು ಅಡ್ಡಗೆರೆ ಎಳೆದ.

ಅವಳು ಅವನೆದುರಿಗೇ ಸಹಿ ಮಾಡಿದಳು. ಮಾತಾಡಬೇಕಾದದ್ದು ಮುಗಿದಿತ್ತು.

"ರಾತ್ರಿ ಇರ್ತೀರೇನ್ರಿ?" ಎಂದಳು. ಕೈಗಳು ಆಗಲೇ ನಾಲ್ಕು ರೊಟ್ಟಿಯನ್ನು ಫಾಯಿಲ್‌ನಲ್ಲಿ ಸುತ್ತುತ್ತಿದ್ದವು.

"ನಾಳೆ ಕೆಲಸ ಐತಿ."

ನಾಳೆ ರವಿವಾರ. ಅವಳು ರೊಟ್ಟಿಯ ಪೊಟ್ಟಣವನ್ನು ಅವನ ಕೈಗಿಟ್ಟಳು.

"ಕೂದಲ ಚೊಲೋ ಕಾಣತೈತಿ," ಎಂದ ಬಾಗಿಲಲ್ಲಿ.

"ಎರಡ ತಿಂಗಳ ಆತು," ಎಂದಳು.

ಓಷನ್‌ಸೈಡ್ ದಾಟಿ ಸ್ವಲ್ಪ ದೂರ ಬರುವಷ್ಟರಲ್ಲಿ ಫ್ರೀವೇ ನಿಂತುಬಿಟ್ಟಿತು. ಎಡಕ್ಕೆ ಸಮುದ್ರ, ಬಲಕ್ಕೆ ಒಣಗಿದ ಗುಡ್ಡ. ಮುಂದೆ, ದಕ್ಷಿಣದ ಗಡಿ ನುಸುಳಿ ಬಂದವರನ್ನು ಹುಡುಕುವ ಗಡಿ ಪೊಲೀಸರ ತಪಾಸಣೆ. ಉತ್ತರಕ್ಕೆ ಹೋಗುವ ಕಾರುಗಳನ್ನು ಒಂದೊಂದಾಗಿ ಇಣುಕಿ ನೋಡಿ ಬಿಡುತ್ತಿದ್ದರು. ಅವನ ಕಾಗದಪತ್ರಗಳೆಲ್ಲ ಸರಿಯಾಗಿದ್ದವು. ಆದರೂ ಅಭ್ಯಾಸಬಲದಿಂದ ಉತ್ತರಗಳನ್ನು ಜೋಡಿಸಿಕೊಂಡ. ಎಲ್ಲಿಂದ ಬಂದಿರಿ? ಮನೆಯಿಂದ. ಎಲ್ಲಿಗೆ? ಮನೆಗೆ. ಎರಡೂ ನಿಜ. ಒಟ್ಟಿಗೆ ಹೇಳಿದರೆ ಯಾರೂ ನಂಬುವಂತಿರಲಿಲ್ಲ.

ಅವನ ಕಾರು ನಿಂತದ್ದು ಒಂದು ಹಳದಿ ಹಲಗೆಯ ಪಕ್ಕದಲ್ಲಿ. ಎಷ್ಟೋ ಸಲ ಅದನ್ನು ಎಪ್ಪತ್ತು ಮೈಲಿ ವೇಗದಲ್ಲಿ ದಾಟಿದ್ದ. ಎಚ್ಚರಿಕೆ ಎಂಬ ಪದದ ಕೆಳಗೆ ಮೂರು ಕಪ್ಪು ಆಕೃತಿಗಳು ಓಡುತ್ತಿದ್ದವು. ಮುಂದೆ ತಲೆ ತಗ್ಗಿಸಿಕೊಂಡು ಗಂಡಸು, ಅವನ ಹಿಂದೆ ಹೆಂಗಸು, ಹೆಂಗಸಿನ ಕೈಗೆ ಜೋತುಬಿದ್ದಂತೆ ಒಬ್ಬ ಹುಡುಗಿ. ಹುಡುಗಿಯ ಜಡೆ ಗಾಳಿಯಲ್ಲಿ ಹಾರುತ್ತಿತ್ತು, ಕಾಲು ನೆಲದ ಮೇಲಿರಲಿಲ್ಲ. ಕದ್ದು ಗಡಿ ದಾಟಿ ಬಂದವರು ರಸ್ತೆಗೆ ಅಡ್ಡ ಓಡಿಯಾರು, ಕಾರು ಹಾಯಿಸಬೇಡಿ ಎಂದು ಅದರ ಅರ್ಥ. ಮೂವರಿಗೂ ಮುಖವಿರಲಿಲ್ಲ.

ಗಂಡಸು ಹೆಂಗಸಿನ ಕೈ ಹಿಡಿದಿದ್ದಾನೋ ಇಲ್ಲವೋ ತಿಳಿಯಲಿಲ್ಲ. ಇಬ್ಬರ ಕಪ್ಪು ಅಲ್ಲಿ ಒಂದಾಗಿತ್ತು. ಸಿದ್ಧಲಿಂಗೇಶ ಸೀಟ್ ಬೆಲ್ಟ್ ಬಿಚ್ಚಿ, ಪಕ್ಕದ ಸೀಟಿನ ಮೇಲೆ ಬಾಗಿ, ಗಾಜು ಇಳಿಸಿ, ವಾಲ್ವಿನ ಬಿರುಕು ಹುಡುಕುವಾಗಿನಂತೆ ಒಂದು ಕಣ್ಣು ಮುಚ್ಚಿ ಆ ಜಾಗವನ್ನೇ ನೋಡಿದ. ಮುಂದಿನ ಕಾರುಗಳು ಆಗಲೇ ಹೊರಟುಹೋಗಿದ್ದವು. ಹಿಂದಿನಿಂದ ಒಬ್ಬ ಹಾರ್ನ್ ಹೊಡೆದ, ಅವನ ಹಿಂದಿನವನೂ ಹೊಡೆದ. ಹಲಗೆಯ ಮೇಲಿನ ಮೂವರು ಅದೇ ವೇಗದಲ್ಲಿ, ಇದ್ದಲ್ಲೇ ಓಡುತ್ತಿದ್ದರು.