ಕರಿಯಪ್ಪನನ್ನು ಎಳೆದ ಗ್ರಹ

ಸೇಲಂ ಜಿಲ್ಲೆಯ ನಂಗವಳ್ಳಿ ಪಕ್ಕದ ಹಳ್ಳಿಯ ಕರಿಯಪ್ಪ ಸಂಜೆ ಸೈಕಲ್ಲಿನಲ್ಲಿ ಸೊಸೈಟಿಗೆ ಹಾಲು ಹಾಕಿ, ಮೆಟ್ಟೂರು ಟೌನ್ ಬಸ್ಸಿಗಿಂತ ಮೊದಲೇ ಮನೆ ಸೇರುವುದು ಬಹಳ ವರ್ಷಗಳ ವಾಡಿಕೆ. ತೊಂಬತ್ತಾರರ ಬೇಸಿಗೆಯಲ್ಲಿ ಮೊದಲು ಬಸ್ಸು ಬರತೊಡಗಿತು, ಆಮೇಲೆ ಕರಿಯಪ್ಪ. ಹೆಂಡತಿ ವೆಂಕಟಲಕ್ಷ್ಮಮ್ಮ ಬಾಗಿಲಲ್ಲಿ ಕೂತು ಇದನ್ನು ಅಳೆಯುತ್ತಿದ್ದಳು. ಅದಕ್ಕೆ ಗಡಿಯಾರ ಬೇಕಿರಲಿಲ್ಲ, ಅನುಮಾನವೇ ಸಾಕಾಗಿತ್ತು. ಕೇಳಿದರೆ ಅವನದು ಒಂದೇ ಉತ್ತರ: "ಸೊಸೈಟೀಲಿ ಕೂಟ್ಟಂ, ಜನ ಜಾಸ್ತಿ, ಕ್ಯೂ ನಿಲ್ಬೇಕು."

ಮಗಳು ಭುವನಾ ಸೇಲಂನಲ್ಲಿ ಬಿ.ಎಸ್ಸಿ. ಫಿಸಿಕ್ಸ್ ಓದುತ್ತಿದ್ದಳು. ರಜೆಗೆ ಬಂದವಳು ಲೈಬ್ರರಿ ಪುಸ್ತಕದ ಅರ್ಧ ಅಧ್ಯಾಯ ಓದಿದ್ದಳು. ಪಾಠ ಹೇಳಲು ಅವಳಿಗೆ ಅಷ್ಟು ಸಾಕಿತ್ತು.

"ಅಮ್ಮಾ, ಯುರೇನಸ್ ಅಂತ ಒಂದು ಗ್ರಹ. ನ್ಯೂಟನ್ ಲೆಕ್ಕ ಏಳಿದ ದಾರೀಲಿ ಅದು ಓಗ್ತಾ ಇರ್ಲಿಲ್ಲ. ಕಣ್ಣಿಗೆ ಕಾಣದ್ದು ಯಾವುದೋ ಎಳೀತಾ ಐತೆ ಅಂದ್ರು. ಎಲ್ಲಿರ್ಬೇಕು ಅಂತ ಲೆಕ್ಕ ಆಕಿ ದುರ್ಬೀನು ತಿರುಗಿಸಿದ್ರೆ, ಅಲ್ಲೇ ನೆಪ್ಚೂನ್!"

ವೆಂಕಟಲಕ್ಷ್ಮಮ್ಮ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿದಳು.

"ನಾನೂ ಅದೇ ಅಂದ್ಕೊಂಡೆ ಕಣೇ. ಎಳೀತಾ ಇರೋಳು ಆ ರಾಜಾತಿ."

ರಾಜಾತಿ ಸೊಸೈಟಿ ಎದುರು ಪರೋಟಾ ಅಂಗಡಿ ಇಟ್ಟವಳು. ಸದಾ ನಗುಮುಖ, ಪರೋಟಾ ಮೇಲೆ ಸಾಲ್ನಾ ಸಾರು ಸುರಿಯುವಾಗ ಧಾರಾಳದ ಕೈ. ಕರಿಯಪ್ಪ ಯಾವಾಗಲೋ ಒಮ್ಮೆ ಆ ಸಾಲ್ನಾವನ್ನು ಮನೆಯಲ್ಲಿ ಹೊಗಳಿದ್ದ, ಪಾಪ. ಸಾಕ್ಷಿ ಅಷ್ಟೇ. ಈಗ ಅದಕ್ಕೆ ನ್ಯೂಟನ್ನನ ಮುದ್ರೆಯೂ ಬಿತ್ತು.

ಮರುದಿನ ಸಂಜೆ ಭುವನಾ ಉಳಿದರ್ಧ ಓದಿದಳು. ಓದುತ್ತಾ ಮುಖ ಬಿಳಿಚಿಕೊಂಡಿತು. ಬುಧನೂ ಲೆಕ್ಕ ತಪ್ಪುತ್ತಿದ್ದ; ಅವನ ಕಕ್ಷೆ ಒಂದು ಕೂದಲೆಳೆಯಷ್ಟು ಹೆಚ್ಚಾಗಿ ಸರಿಯುತ್ತಿತ್ತು. ಅಲ್ಲೂ ಕಾಣದ ಗ್ರಹವೇ ಎಂದರು, ಸಿಗುವ ಮೊದಲೇ ವಲ್ಕನ್ ಎಂದು ನಾಮಕರಣವನ್ನೂ ಮಾಡಿದರು. ಐವತ್ತು ವರ್ಷ ಹುಡುಕಿದರೂ ಸಿಗಲಿಲ್ಲ, ಅದು ಇರಲೇ ಇಲ್ಲ. ಅಳತೆ ಸರಿಯಾಗಿತ್ತು, ನಿಯಮವೇ ಸಾಲದಾಗಿತ್ತು. ಐನ್‌ಸ್ಟೈನ್ ಹೊಸ ನಿಯಮ ತಂದ ಮೇಲೆ ಲೆಕ್ಕ ಕೂಡಿತು.

"ಅಮ್ಮಾ!" ಎಂದು ಹೊರಗೆ ಬಂದರೆ ಅಮ್ಮ ಇಲ್ಲ. ಸೆರಗು ಸಿಕ್ಕಿಸಿಕೊಂಡು ಸೊಸೈಟಿ ದಾರಿ ಹಿಡಿದಾಗಿತ್ತು. ಭುವನಾ ಓಡಿ ಅವಳನ್ನು ಹಿಡಿದದ್ದು ಹುಣಸೆಮರದ ಏರಿನಲ್ಲಿ.

"ಅಮ್ಮಾ, ಗ್ರಹ ಇಲ್ದೇನೂ ಇರ್ಬೋದು! ನಾವು ನಂಬ್ಕೊಂಡಿರೋ ನಿಯಮಾನೇ ತಪ್ಪಿರ್ಬೋದು!"

"ಈಗ ಏಳ್ತೀಯಾ? ಸುಮ್ಕಿರು, ಅಲ್ನೋಡು."

ಏರಿನ ಬುಡದಲ್ಲಿ ಕರಿಯಪ್ಪ ಸೈಕಲ್ಲಿನಿಂದ ಇಳಿದಿದ್ದ. ಖಾಲಿ ಕ್ಯಾನು ಹೊತ್ತ ಸೈಕಲ್ಲನ್ನು ನಾಲ್ಕು ಹೆಜ್ಜೆ ತಳ್ಳಿ, ಮೋರಿ ಕಟ್ಟೆ ಮೇಲೆ ಕೂತು, ಪಂಚೆ ಮೇಲೆತ್ತಿ ಮಂಡಿ ಒತ್ತಿಕೊಂಡ. ಮಂಡಿ ಊದಿತ್ತು. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಕ್ಯಾರಿಯರಿನಲ್ಲಿ ಕೂರಿಸಿಕೊಂಡು ಇದೇ ಏರನ್ನು ಹಾಡು ಹೇಳುತ್ತಾ ಹತ್ತಿದ್ದ ಮನುಷ್ಯ. ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದ.

ವೆಂಕಟಲಕ್ಷ್ಮಮ್ಮ ಮಗಳನ್ನು ಮರದ ಹಿಂದಕ್ಕೆ ಎಳೆದುಕೊಂಡಳು. ಇಬ್ಬರೂ ಅಡ್ಡದಾರಿಯಲ್ಲಿ ಅವನಿಗಿಂತ ಮೊದಲೇ ಮನೆ ಸೇರಿದರು.

"ಸೊಸೈಟೀಲಿ ಕೂಟ್ಟಂ," ಎನ್ನುತ್ತಾ ಕರಿಯಪ್ಪ ಬಂದ.

"ಇರ್ತೈತೆ ಬುಡಿ. ಬಿಸಿನೀರು ಇಟ್ಟಿವ್ನಿ, ಕಾಲಿಗೆ ಉಯ್ಕಳಿ."

ಅವನು ಒಂದು ಕ್ಷಣ ಅವಳ ಮುಖ ನೋಡಿ ಹಿತ್ತಲಿಗೆ ನಡೆದ.

"ನೋಡ್ದ್ಯಾ ಅಮ್ಮಾ, ರಾಜಾತಿ ಅಲ್ಲ," ಎಂದಳು ಭುವನಾ, ಗೆದ್ದವಳ ಹಾಗೆ. "ಈಗ ನೆಮ್ಮದಿ ಆಯ್ತಾ?"

ವೆಂಕಟಲಕ್ಷ್ಮಮ್ಮ ಕಡಲೆಕಾಯಿ ಸಿಪ್ಪೆ ಗುಡಿಸಿ ಮೂಲೆಗೆ ತಳ್ಳಿದಳು.

"ರಾಜಾತಿ ಆಗಿದ್ರೆ ಜುಟ್ಟು ಇಡ್ದು ಜಗಳ ಆಡ್ಬೋದಿತ್ತು ಕಣೇ. ವಯಸ್ಸಿನ ಜೊತೆ ಎಂಗೆ ಜಗಳ ಆಡ್ಲಿ?"